ಅವರು ‘ಹೌದು’ ಅನ್ನುವವರೆಗೆ

ಜನವರಿ ೧೧

ಅಬ್ಬಾ,

ಅಮ್ಮ ಮಾಡಿದ ಕಾನೂನಿನಂತೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಆರೋಗ್ಯ, ಊಟ, ಬಿಸಿಲು, ಇಷ್ಟೇ. ದೇವರ ವಿಷಯ ಏನಿದ್ದರೂ ಅಂಚೆಯಲ್ಲಿ. ಹೋದ ವಾರ ನಾವಿಬ್ಬರೂ ಫೋನಿನಲ್ಲಿ ಕೂಗಾಡಿದಾಗ ಅಂಗಡಿಯಲ್ಲಿ ಅಳತೆ ಕೊಡುತ್ತಿದ್ದ ಗಿರಾಕಿ ಟೇಪು ಕೊರಳಲ್ಲಿದ್ದಂತೆಯೇ ಬೀದಿಗೆ ಇಳಿದುಬಿಟ್ಟರಂತೆ. ಹೊಲಿಗೆ ಅಂಗಡಿ ಮುಚ್ಚಿಸುವಷ್ಟು ದೊಡ್ಡ ತತ್ತ್ವಜ್ಞಾನ ತನಗೆ ಬೇಡ ಎಂದು ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ.

ವಿಷಯಕ್ಕೆ ಬರುತ್ತೇನೆ. ನಾನು ಹೋಗುವ ವಿಚಾರ ವೇದಿಕೆಯವರು ಜೂನ್‌ನಲ್ಲಿ ಒಂದು ಬಹಿರಂಗ ವಾದ ಇಟ್ಟುಕೊಂಡಿದ್ದಾರೆ. ‘ದೇವರಿದ್ದಾನೆಯೇ?’ ಎಂಬುದು ಪ್ರಶ್ನೆ. ಇಲ್ಲ ಎನ್ನುವ ಕಡೆಯಿಂದ ನಮ್ಮ ಪ್ರೊಫೆಸರು ನಿಲ್ಲುತ್ತಾರೆ. ಅವರು ಬಾಯಿ ತೆರೆದರೆ ಎದುರಿನವರು ಬಾಯಿ ಮುಚ್ಚುತ್ತಾರೆ ಎಂದೇ ಹೆಸರು. ಇದ್ದಾನೆ ಎನ್ನುವ ಕಡೆಯಿಂದ ಯಾರನ್ನು ಕರೆಯೋಣ ಎಂಬ ಮಾತು ಬಂದಾಗ ಎಲ್ಲರೂ ಮೈಕು ಹರಿಯುವಂತೆ ಅರಚುವ ಒಬ್ಬ ಭಾಷಣಕಾರರನ್ನು ನೆನೆದು ನಕ್ಕರು. ನಾನು ನಿಮ್ಮ ಹೆಸರು ಕೊಟ್ಟೆ. ಮದರಸದಲ್ಲಿ ತರ್ಕ ಕಲಿಸುವ ಉಸ್ತಾದರು, ನನ್ನ ಅಬ್ಬ ಎಂದೂ ಹೇಳಿದೆ.

ಪ್ರೀತಿಯಿಂದ ಕೊಟ್ಟೆ ಅಂದುಕೊಳ್ಳಬೇಡಿ. ಕೋಪದಿಂದ ಕೊಟ್ಟೆ. ಎರಡು ವರ್ಷದ ಹಿಂದೆ ಊಟದ ಮೇಜಿನ ಮುಂದೆ ‘ನನಗೆ ನಂಬಿಕೆ ಉಳಿದಿಲ್ಲ’ ಎಂದಾಗ ನೀವು ‘ಈ ಮನೆಯಲ್ಲಿ ಆ ಮಾತು ಬೇಡ’ ಎಂದಿರಿ. ಆ ಮಾತನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರಲು ನನ್ನಿಂದಾಗದು. ಅದಕ್ಕೇ ಮನೆಗೆ ಬಂದಿಲ್ಲ. ಈಗ ನಿಮ್ಮ ಮನೆಯಲ್ಲದ ಒಂದು ಜಾಗ ಗೊತ್ತುಮಾಡಿದ್ದೇನೆ. ಅಲ್ಲಿಗೆ ಬಂದು ಆ ಮಾತನ್ನು ಪೂರ್ತಿ ಕೇಳಿ. ಧೈರ್ಯವಿಲ್ಲದಿದ್ದರೆ ಅದನ್ನಾದರೂ ಬರೆದು ತಿಳಿಸಿ.

ನಿಮ್ಮ ಮಗಳು

(ಆಸ್ಪತ್ರೆಯ ಪ್ರಯೋಗಾಲಯದ ವಿಳಾಸಕ್ಕೇ ಬರೆಯಿರಿ. ಹಾಸ್ಟೆಲಿನ ಅಂಚೆ ಪೆಟ್ಟಿಗೆ ಮುರಿದಿದೆ.)


ಜನವರಿ ೨೦

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ನಿನ್ನ ಕಾಗದದಲ್ಲಿ ಸಲಾಂ ಇರಲಿಲ್ಲ. ಸಲಾಂ ಮೊದಲು ಹೇಳುವುದು ಪುಣ್ಯ, ಹೇಳಿದ್ದಕ್ಕೆ ಉತ್ತರಿಸುವುದು ಕಡ್ಡಾಯ. ಕಡ್ಡಾಯವೆಲ್ಲ ನಂಬುವವರಿಗೆ, ನಿನಗೇನೂ ಒತ್ತಾಯವಿಲ್ಲ. ಪುಣ್ಯದ ಕೆಲಸ ಮಾತ್ರ ನಾನು ಬಿಡುವವನಲ್ಲ.

ಬರುತ್ತೇನೆ. ಧೈರ್ಯದ ಮಾತು ಎತ್ತಿದೆಯಲ್ಲ, ಅದಕ್ಕೇ ಬರುತ್ತೇನೆ.

ಆದರೆ ನಾನು ವಾದಕ್ಕೆ ನಿಂತರೆ ನನ್ನ ಗುರುಗಳ ಕಟ್ಟಳೆಯಂತೆಯೇ ನಿಲ್ಲುವುದು. ನಮ್ಮಲ್ಲಿ ವಾದಕ್ಕೇ ಒಂದು ಶಾಸ್ತ್ರವಿದೆ, ಮುನಾಜರಾ ಅಂತ. ಗೆಲ್ಲುವುದು ಅದರ ಗುರಿಯಲ್ಲ, ನಿಜ ಯಾರ ಬಾಯಿಂದ ಬಂದರೂ ಬರಲಿ ಎಂಬುದು ಗುರಿ. ನನ್ನ ಗುರುಗಳು ಅದಕ್ಕೆ ಇನ್ನೊಂದು ಕಟ್ಟು ಹಾಕಿದ್ದರು. ಎದುರಾಳಿಯ ವಾದವನ್ನು ಮೊದಲು ನೀನೇ ಹೇಳಬೇಕು. ಅವನು ‘ಹೌದು, ನಾನು ಹೇಳುವುದು ಇದೇ’ ಅನ್ನಬೇಕು. ಅವನು ಹೌದು ಅನ್ನುವವರೆಗೆ ನಿನಗೆ ಉತ್ತರಿಸುವ ಹಕ್ಕಿಲ್ಲ. ನಾನೊಮ್ಮೆ ಒಂದೇ ವಾದವನ್ನು ವಾರವಿಡೀ ಹೇಳಿ ಹೇಳಿ ಅವರಿಂದ ‘ಅಲ್ಲ’ ಅನ್ನಿಸಿಕೊಂಡಿದ್ದೇನೆ.

ಆದ್ದರಿಂದ ನನಗೆ ನಿಮ್ಮ ಕಡೆಯ ಒಬ್ಬರು ಪಾಠ ಹೇಳಬೇಕು. ಪುಸ್ತಕದಲ್ಲಿ ಓದಬಹುದು, ಆದರೆ ಪುಸ್ತಕ ‘ಅಲ್ಲ’ ಅನ್ನುವುದಿಲ್ಲ. ನೀನು ಅನ್ನುತ್ತೀ. ಆ ವಿದ್ಯೆಯಲ್ಲಿ ಚಿಕ್ಕಂದಿನಿಂದಲೂ ನೀನು ಎತ್ತಿದ ಕೈ. ನಿನ್ನ ವಾದವನ್ನು ಅದರ ಪೂರ್ತಿ ಬಲದಲ್ಲಿ ಬರೆದು ಕಳಿಸು. ನನಗೆ ನೋವಾಗುತ್ತದೆಂದು ಮೆತ್ತಗೆ ಮಾಡಬೇಡ.

ನಿನ್ನ ಎದುರಾಳಿ, ನಿನ್ನ ಅಬ್ಬ

ಇದು ಅಮ್ಮ. ಕಾಗದದಲ್ಲಿ ಜಾಗ ಉಳಿದಿದೆ ಅಂತ ಬರೀತಿದೀನಿ. ಈ ಮನುಷ್ಯ ನಿನ್ನ ಕಾಗದ ಓದಿ ಮೊದಲು ಸಿಟ್ಟು ಮಾಡ್ಕೊಂಡ್ರು, ಆಮೇಲೆ ಎರಡು ಸಲ ಟೀ ಕೇಳಿ ಕುಡಿದ್ರು. ಖುಷಿಯಾಗಿದಾರೆ. ಸರಿಯಾಗಿ ತಿಂತಿದೀಯಾ?


ಫೆಬ್ರವರಿ ೪

ಅಬ್ಬಾ,

ಕೇಳಿದ್ದೀರಿ, ತಗೊಳ್ಳಿ.

ಸಿಡಿಲು ಏಕೆ ಹೊಡೆಯುತ್ತದೆ ಎಂದರೆ ದೇವರು ಎನ್ನುತ್ತಿದ್ದರು. ಈಗ ವಿದ್ಯುತ್ತು ಎನ್ನುತ್ತೇವೆ. ಜ್ವರ ಏಕೆ ಬರುತ್ತದೆ ಎಂದರೆ ದೇವರು ಎನ್ನುತ್ತಿದ್ದರು. ಈಗ ಆ ಜ್ವರದ ಕಾರಣವನ್ನು ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿ ನಾನು ದಿನವೂ ಕಣ್ಣಾರೆ ನೋಡುತ್ತೇನೆ. ದೇವರು ತಾನು ಕೂರುತ್ತಿದ್ದ ಒಂದೊಂದು ಕುರ್ಚಿಯಿಂದಲೂ ಎಬ್ಬಿಸಲ್ಪಟ್ಟು ಈಗ ಬಾಗಿಲ ಬಳಿ ನಿಂತಿದ್ದಾನೆ. ಇನ್ನೂ ಗೊತ್ತಿಲ್ಲದ ಒಂದೆರಡು ಜಾಗ ಉಳಿದಿರಬಹುದು, ಅವೂ ಹೋಗುತ್ತವೆ. ಜಗತ್ತನ್ನು ವಿವರಿಸಲು ಜಗತ್ತೇ ಸಾಕು.

ಈಗ ನೀವು ಹೇಳಿ ನೋಡೋಣ.

ಮಗಳು


ಫೆಬ್ರವರಿ ೧೭
(ಅಂಚೆ ಕಾರ್ಡು)

ಅಬ್ಬಾ, ನೀವು ಕಳಿಸಿದ್ದು ನೋಡಿದೆ. ‘ವಿಜ್ಞಾನ ಎಲ್ಲವನ್ನೂ ಕಂಡುಹಿಡಿದಿದೆ ಎಂಬ ಗರ್ವದಿಂದ ದೇವರನ್ನು ಅಲ್ಲಗಳೆಯುವವರು...’ ಅಲ್ಲ. ಇದು ನನ್ನ ವಾದವಲ್ಲ, ನನ್ನ ವಾದದ ಅಣಕು ಚಿತ್ರ. ಗರ್ವ ಎಂಬ ಪದ ತೆಗೆದು ಮತ್ತೆ ಬರೆಯಿರಿ.

ಮ.


ಮಾರ್ಚ್ ೨
(ಅಂಚೆ ಕಾರ್ಡು)

ಅಲ್ಲ. ಹತ್ತಿರ ಬಂದಿದ್ದೀರಿ.

ಮ.


ಮಾರ್ಚ್ ೧೫

ಅಬ್ಬಾ,

ಹೌದು. ನಾನು ಹೇಳುವುದು ಇದೇ. ‘ಗೊತ್ತಿಲ್ಲದ ಕಡೆ ದೇವರೆಂದು ಬರೆದು ಹುಡುಕಾಟ ನಿಲ್ಲಿಸುವುದು ಅಪ್ರಾಮಾಣಿಕ’ ಎಂಬ ವಾಕ್ಯ ನನಗೇ ಹೊಳೆದಿರಲಿಲ್ಲ. ವೇದಿಕೆಯಲ್ಲಿ ಅದನ್ನು ನನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕ್ಷಮೆ ಕೇಳುವುದಿಲ್ಲ. ಈಗ ಉತ್ತರಿಸಲು ನಿಮಗೆ ಹಕ್ಕಿದೆ.

ಮಗಳು


ಮಾರ್ಚ್ ೨೪

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ನಿನ್ನ ‘ಹೌದು’ ಬಂದ ದಿನ ನಾನು ಬೀದಿಯಲ್ಲಿ ನೆಟ್ಟಗೆ ನಡೆದೆ ಎಂದು ನಿನ್ನ ಅಮ್ಮ ಹೇಳುತ್ತಾಳೆ.

ಉತ್ತರ ಕೇಳು. ಬಾಗಿಲ ಬಳಿ ನಿಂತಿರುವ ಆ ದೇವರನ್ನು ನಾನೂ ನಂಬುವುದಿಲ್ಲ. ಸಿಡಿಲಿಗೂ ಜ್ವರಕ್ಕೂ ಪೈಪೋಟಿಯಾಗಿ ನಿಲ್ಲುವ ಒಂದು ಕಾರಣ ನಮ್ಮ ಹಳಬರು ಹೇಳಿದ ದೇವರಲ್ಲ. ಅವರು ಕೇಳಿದ್ದು ಬೇರೆ ಪ್ರಶ್ನೆ. ಸಿಡಿಲು, ಜ್ವರ, ನೀನು, ನಾನು, ನಕ್ಷತ್ರ ಇವೆಲ್ಲ ಇವೆ. ಇರಲೇಬೇಕೆಂದೇನೂ ಇರಲಿಲ್ಲ. ಇಂಥದ್ದಕ್ಕೆ ಮುಮ್ಕಿನ್ ಎನ್ನುತ್ತೇವೆ, ಇರಲೂಬಹುದಾದದ್ದು, ಇಲ್ಲದಿರಲೂಬಹುದಾದದ್ದು. ಅದಕ್ಕೆ ತನ್ನಷ್ಟಕ್ಕೆ ಇರುವ ಶಕ್ತಿಯಿಲ್ಲ, ಇರವನ್ನು ಇನ್ನೊಂದರಿಂದ ಪಡೆಯಬೇಕು.

ಕಚೇರಿಯಲ್ಲಿ ಒಂದು ಫೈಲು ಇದೆ ಎಂದುಕೋ. ಗುಮಾಸ್ತ ‘ಮೇಲಿನವರು ಸಹಿ ಹಾಕಿದರೆ ನಾನು ಹಾಕ್ತೀನಿ’ ಅನ್ನುತ್ತಾನೆ. ಅವನ ಮೇಲಿನವನೂ ಅದನ್ನೇ ಅನ್ನುತ್ತಾನೆ, ಅವನ ಮೇಲಿನವನೂ ಅದನ್ನೇ. ಹೀಗೆ ಮೇಲಿನವರಿಗೆ ಕೊನೆಯೇ ಇಲ್ಲದಿದ್ದರೆ ಆ ಫೈಲಿಗೆ ಎಂದಾದರೂ ಸಹಿ ಬಿದ್ದೀತೇ? ಆದರೆ ಫೈಲು ಸಹಿಯಾಗಿ ನಮ್ಮ ಕೈಯಲ್ಲಿದೆ. ಜಗತ್ತು ಇದೆ. ಯಾರ ಅನುಮತಿಯನ್ನೂ ಕಾಯದೆ ಸಹಿ ಹಾಕಿದವನೊಬ್ಬ ಇರಲೇಬೇಕು. ವಿಜ್ಞಾನ ಗುಮಾಸ್ತರ ಹೆಸರನ್ನು ಒಂದೊಂದಾಗಿ ಕಂಡುಹಿಡಿಯುತ್ತದೆ, ನನಗೆ ಸಂತೋಷ. ಗುಮಾಸ್ತರ ಹೆಸರು ಸಿಕ್ಕ ಮಾತ್ರಕ್ಕೆ ಸಹಿ ಹಾಕಿದವನು ಇಲ್ಲವಾಗುವುದಿಲ್ಲ.

ನಿನ್ನ ‘ಅಲ್ಲ’ಕ್ಕೆ ಕಾಯುತ್ತಿರುವ
ಅಬ್ಬ

ಅಮ್ಮ ಬರೀತಿರೋದು. ಹತ್ತು ನಿಮಿಷದಲ್ಲಿ ಆಗೋ ಸಹಿಗೆ ಈ ಮನುಷ್ಯ ಕಚೇರೀಲಿ ಮೂರು ದಿನ ಅಲೆದ್ರು, ಆ ಸಿಟ್ಟೆಲ್ಲ ಇಲ್ಲಿ ಬಂದಿದೆ.


ಏಪ್ರಿಲ್ ೩

ಅಬ್ಬಾ,

ಫೈಲು ಚೆನ್ನಾಗಿದೆ. ಆದರೆ ಸಹಿ ಹಾಕಿದ್ದು ಜಗತ್ತೇ ಏಕಾಗಬಾರದು? ನೀವು ದೇವರ ಹತ್ತಿರ ನಿಲ್ಲುತ್ತೀರಿ, ನಾನು ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತೇನೆ. ‘ಜಗತ್ತು ಇದೆ, ಅಷ್ಟೇ’ ಎನ್ನುತ್ತೇನೆ. ಕಾಲಿಗೆ ನೋವು ಕಡಿಮೆ.

ಮಗಳು


ಏಪ್ರಿಲ್ ೧೧

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ನಿನ್ನ ಪ್ರಶ್ನೆಯನ್ನು ಸಂಜೆ ತರಗತಿಯಲ್ಲಿ ಇಟ್ಟೆ. ಅಲ್ಲಿ ಓದುವವರೆಲ್ಲ ದಿನದ ಕೆಲಸ ಮುಗಿಸಿ ಬರುವವರು, ಚಾಲಕರು, ಅಂಗಡಿಯವರು, ಒಬ್ಬ ನಿವೃತ್ತ ಮೇಷ್ಟ್ರು. ಅವರಿಗೆ ಅದು ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ ನನಗೆ ಸ್ವಲ್ಪ ಹೆದರಿಕೆಯಾಯಿತು.

ಜಗತ್ತೇ ಇರಲೇಬೇಕಾದದ್ದು ಆಗಿದ್ದರೆ ಅದು ಬೇರೆ ಥರ ಇರಲು ಸಾಧ್ಯವೇ ಇರಬಾರದಿತ್ತು. ಆದರೆ ಜಗತ್ತಿನಲ್ಲಿ ಎಲ್ಲವೂ ‘ಇಷ್ಟು’ ಇದೆ. ಇಷ್ಟು ಬಿಸಿ, ಇಷ್ಟು ತೂಕ, ಇಷ್ಟೇ ಸೆಳೆತ. ಅಷ್ಟು ಯಾಕಿಲ್ಲ, ಇಷ್ಟೇ ಯಾಕೆ? ಇದು ನಮ್ಮ ಹಳಬರು ಕೇಳಿದ ಪ್ರಶ್ನೆ. ‘ನಿಯಮ ಹಾಗಿದೆ’ ಎನ್ನುತ್ತೀ. ನಿಯಮಕ್ಕೂ ಒಂದು ‘ಇಷ್ಟು’ ಇದೆಯಲ್ಲ. ಯಾವುದಕ್ಕೆ ಬೇರೆ ಅಳತೆ ಸಾಧ್ಯವೋ ಅದು ತನ್ನ ಅಳತೆಯನ್ನು ತಾನೇ ಆರಿಸಿಕೊಂಡಿಲ್ಲ. ನೀನು ನಿಂತ ಮೆಟ್ಟಿಲು ನಿಲ್ಲುವ ಮೆಟ್ಟಿಲಲ್ಲ, ಅದೂ ಇನ್ನೊಂದರ ಮೇಲೆ ನಿಂತಿದೆ.

ಅಬ್ಬ


ಏಪ್ರಿಲ್ ೧೯

ಅಬ್ಬಾ,

ಈ ಉತ್ತರವನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಉತ್ತರ ತೋಚದೆ ಇಟ್ಟೆ ಎಂದು ನೀವು ಹಿಗ್ಗಿದರೆ ಹಿಗ್ಗಿ. ಇವತ್ತು ನನಗೆ ಅದರ ಮೇಲೆ ಮನಸ್ಸಿಲ್ಲ.

ನಾನು ನಂಬಿಕೆ ಬಿಟ್ಟದ್ದು ಸಿಡಿಲಿನಿಂದಲ್ಲ ಅಬ್ಬಾ. ಮಕ್ಕಳ ವಾರ್ಡಿನಿಂದ ನಮಗೆ ರಕ್ತ ಬರುತ್ತದೆ. ಮಗು ಕಾಣುವುದಿಲ್ಲ, ಕೊಳವೆಯ ಮೇಲಿನ ಲೇಬಲ್ಲು ಮಾತ್ರ. ಸೋಮವಾರ ಒಂದು ಬಂತು. ವಾರ್ಡಿನ ಹೆಸರು, ಹಾಸಿಗೆ, ಆಮೇಲೆ ‘ಹೆಣ್ಣು ಮಗು, ಹೆಸರಿಟ್ಟಿಲ್ಲ’. ಪಟ್ಟಿಯ ಮೇಲೆ ಬಣ್ಣ ಹಾಕಿ ನೋಡಿದೆ. ನೋಡಿದ ಕೂಡಲೇ ಮಗು ಉಳಿಯುವುದಿಲ್ಲ ಎಂದು ಗೊತ್ತಾಯಿತು. ದಿನವೂ ಅದೇ ಲೇಬಲ್ಲಿನ ಹೊಸ ಕೊಳವೆ ಬರುತ್ತಿತ್ತು, ನಿನ್ನೆ ಬರಲಿಲ್ಲ. ಹೆಸರಿಡಿಸಿಕೊಳ್ಳುವಷ್ಟು ಪುರುಸೊತ್ತೂ ಆ ಮಗುವಿಗೆ ಸಿಗಲಿಲ್ಲ.

ಆ ಮಗು ಯಾರಿಗೆ ಏನು ಮಾಡಿತ್ತು? ಯಾವ ಪರೀಕ್ಷೆ ಅದಕ್ಕೆ, ಯಾವ ಪಾಠ? ಅಪ್ಪ ಅಮ್ಮನಿಗೆ ಪಾಠ ಕಲಿಸಲು ಮಗುವನ್ನು ಬಳಸುವವನನ್ನು ನಾವು ಊರಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಆಕಾಶದಲ್ಲಿ ಏಕೆ ಇಟ್ಟುಕೊಳ್ಳಬೇಕು? ಎಲ್ಲ ಬಲ್ಲವನು, ಎಲ್ಲ ಮಾಡಬಲ್ಲವನು, ಕರುಣೆಯುಳ್ಳವನು ಇದ್ದರೆ ಹೀಗಾಗುತ್ತಿರಲಿಲ್ಲ. ಹೀಗಾಗಬಾರದಿತ್ತು. ಆದರೆ ಆಯಿತು. ಆದ್ದರಿಂದ ಯಾರೂ ಇಲ್ಲ.

ಇದನ್ನು ಹೇಳಿ ನೋಡಿ.

ನಿಮ್ಮ ಮಗಳು


ಮೇ ೧೪

ಪುಟ್ಟೀ,

ಇದು ಅಮ್ಮನ ಕಾಗದ, ಪೂರ್ತಿ ನನ್ನದೇ. ಮಾತಾಡೋ ಹಾಗೇ ಬರೀತೀನಿ, ತಪ್ಪು ಹುಡುಕ್ಬೇಡ. ನಿನ್ನ ಅಬ್ಬನಿಂದ ಕಾಗದ ಬಂದಿಲ್ಲ ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅವರು ಪಕ್ಕದಲ್ಲೇ ಕೂತಿದ್ರು, ಅದಕ್ಕೆ ಬಿಸಿಲು ಜಾಸ್ತಿ ಅಂತ ಹೇಳಿ ಇಟ್ಟೆ.

ಆ ಮಗುವಿನ ಕಾಗದ ಬಂದ್ಮೇಲೆ ಅವರು ನನ್ನ ಅಂಗಡೀಲೇ ಕೂತ್ಬಿಟ್ರು. ನನ್ನ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಗಿರಾಕಿಗಳ ಬಟ್ಟೆಯೆಲ್ಲ ಇಸ್ತ್ರಿ ಮಾಡಿದ್ರು. ಆಮೇಲೆ ಒಂದು ದಿನ ಸಂಜೆ ತರಗತಿಯಲ್ಲಿ ನಿನ್ನ ವಾದ ಹೇಳೋಕೆ ನಿಂತ್ರು. ಅವರ ಕಟ್ಟಳೆ ನಿಂಗೆ ಗೊತ್ತಲ್ಲ, ಮೆತ್ತಗೆ ಹೇಳೋ ಹಾಗಿಲ್ಲ. ಪೂರ್ತಿ ಬಲದಲ್ಲಿ ಹೇಳಿದಾರೆ. ಕೂತವರು ಕಣ್ಣೊರೆಸ್ಕೊಂಡ್ರಂತೆ. ಕೊನೇ ಮಾತು ‘ಆದ್ದರಿಂದ ಯಾರೂ ಇಲ್ಲ’ ಅಂತ. ಅಲ್ಲಿಗೆ ಪುಸ್ತಕ ಮುಚ್ಚಿ, ಉತ್ತರ ನಾಳೆ ಅಂದ್ಬಿಟ್ರು.

ಅದೇ ಹೊತ್ತಿಗೆ ಮಸೀದಿ ಕಮಿಟಿ ಕಾರ್ಯದರ್ಶಿ ಕಿಟಕಿ ಹೊರಗೆ ನಿಂತಿದ್ರು. ಅದೇ ಕನ್ನಡಕದ ಅಂಗಡಿಯವರು, ಊರಿಗೆಲ್ಲ ಕನ್ನಡಕ ಕೊಟ್ಟು ತಾನು ಅರ್ಧ ನೋಡೋರು. ಉಸ್ತಾದರೇ ನಾಸ್ತಿಕರಾಗಿಬಿಟ್ರು, ಮಗಳ ಗಾಳಿ ಬಡಿದಿದೆ ಅಂತ ಬೆಳಗಾಗೋದರೊಳಗೆ ಬೀದಿಗೆಲ್ಲ ಸುದ್ದಿ.

ತರಗತಿ ನಿಲ್ಲಿಸಿದಾರೆ. ಹೇಳಿದ ಮಾತು ಹಿಂತೆಗೆದುಕೊಂಡಿದೀನಿ ಅಂತ ಎಲ್ಲರ ಮುಂದೆ ಹೇಳಿ, ಆ ವಾದಕ್ಕೂ ಹೋಗಬೇಡಿ ಅಂತಾರೆ. ಈ ಮನುಷ್ಯ ಕೇಳ್ಬೇಕಲ್ಲ? ‘ನಾನು ಹೇಳಿದ ಮಾತಾದ್ರೆ ಹಿಂತೆಗೆದುಕೊಳ್ಳಬಹುದು, ಅದು ನನ್ನ ಎದುರಾಳಿಯ ಮಾತು, ಅದನ್ನ ಹಿಂತೆಗೆಯೋ ಅಧಿಕಾರ ನನಗಿಲ್ಲ’ ಅಂತ ಅವರ ಮುಖಕ್ಕೇ ಹೇಳಿ ಬಂದಿದಾರೆ. ತರ್ಕ ಸರಿ ಇರಬಹುದು, ಪಾಠ ಬಿಟ್ರೆ ಈ ಮನುಷ್ಯ ಬದುಕೋದಿಲ್ಲ ಪುಟ್ಟೀ. ಮುಂದಿನ ವಾರ ಕಮಿಟಿ ಕೂರುತ್ತೆ. ಅವರು ನಾಸ್ತಿಕರಲ್ಲ ಅಂತ ನಾನು ಹೇಳಿದ್ರೆ ಹೆಂಡತಿ ಮಾತು ಅಂತಾರೆ. ನೀನು ಏನಾದ್ರೂ ಮಾಡು.

ಅಮ್ಮ

ಅವರು ನಿನಗೆ ಬರೆದಿಟ್ಟಿದ್ದ ಉತ್ತರಾನೂ ಇದರ ಜೊತೆ ಇಟ್ಟಿದೀನಿ. ಚೆನ್ನಾಗಿಲ್ಲ ಅಂತ ಕಳಿಸ್ದೆ ಇಟ್ಕೊಂಡಿದ್ರು. ನಾನು ಓದಿದೆ. ಚೆನ್ನಾಗಿದೆ.


(ಅದೇ ಲಕೋಟೆಯಲ್ಲಿ)

ಮೇ ೨

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ನಿನ್ನ ಕಾಗದ ಓದಿ ಅತ್ತೆ. ಅಳು ಉತ್ತರವಲ್ಲ, ಗೊತ್ತಿದೆ.

ಆ ಮಗುವಿಗೆ ಹೀಗಾದದ್ದಕ್ಕೆ ದೇವರ ಉದ್ದೇಶ ಇಂಥದ್ದು ಎಂದು ನಾನು ಹೇಳುವುದಿಲ್ಲ. ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಮಗು ಕಳೆದುಕೊಂಡವರ ಮುಂದೆ ಬಾಯಿ ಬಿಡುವವರು ನಮ್ಮ ಕಡೆಯವರಾದರೂ ನನಗೆ ಆಗುವುದಿಲ್ಲ. ಅವನಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಿರಬೇಕೆಂದು ನಾನೆಂದೂ ನಂಬಿದವನಲ್ಲ.

ಆದರೆ ನಿನ್ನ ಕಾಗದದಲ್ಲಿ ಒಂದು ವಾಕ್ಯವಿದೆ. ‘ಹೀಗಾಗಬಾರದಿತ್ತು.’ ನಾನು ಅದರ ಮುಂದೆಯೇ ಇಷ್ಟು ದಿನ ಕೂತಿದ್ದೇನೆ. ಜಗತ್ತನ್ನು ವಿವರಿಸಲು ಜಗತ್ತೇ ಸಾಕು ಎಂದು ನೀನು ಬರೆದಿದ್ದೆ. ಹಾಗಾದರೆ ಆ ರಕ್ತ ತನ್ನ ನಿಯಮದಂತೆ ಕೆಟ್ಟಿತು, ಏನಾಯಿತೋ ಅದಾಯಿತು. ‘ಬಾರದಿತ್ತು’ ಎನ್ನಲು ಜಗತ್ತಿಗಿಂತ ಬೇರೆಯಾದ ಒಂದು ಅಳತೆ ಬೇಕು. ಅದನ್ನು ಹಿಡಿದು ನೀನು ಇಡೀ ಜಗತ್ತನ್ನೇ ಅಳೆದು ‘ತಪ್ಪು’ ಎಂದೆ. ಆ ಅಳತೆ ನಿನಗೆ ಎಲ್ಲಿಂದ ಬಂತು? ಮನುಷ್ಯರು ಒಟ್ಟಾಗಿ ಬದುಕಲು ಅನುಕೂಲವೆಂದು ಬೆಳೆದ ಭಾವನೆ ಎನ್ನುತ್ತೀ. ಇರಬಹುದು, ಅದು ಬೆಳೆದ ದಾರಿ ಅದಿರಬಹುದು. ಆದರೆ ಅನುಕೂಲ ಅಷ್ಟೇ ಆಗಿದ್ದರೆ, ಯಾರಿಗೂ ಅನುಕೂಲವಾಗದ, ನೀನು ನೋಡಿಯೇ ಇಲ್ಲದ ಒಂದು ಮಗುವಿಗಾಗಿ ನಿನ್ನ ಕೋಪ ಬರೀ ಒಂದು ಮೈಯ ಅಭ್ಯಾಸ. ಅದು ನಿಜವಾಗಿಯೂ ಅನ್ಯಾಯ ಎಂದು ನೀನು ಹೇಳುತ್ತೀಯೋ ಇಲ್ಲವೋ?

ನಿನ್ನ ಪಕ್ಷದಲ್ಲಿ ಆ ಮಗುವಿನ ಕಥೆ ಲೇಬಲ್ಲಿಗೆ ಮುಗಿಯಿತು. ನನ್ನ ಪಕ್ಷದಲ್ಲಿ ಅದಕ್ಕೆ ಸಲ್ಲಬೇಕಾದದ್ದು ಇನ್ನೂ ಇದೆ, ಸಲ್ಲಿಸುವವನೂ ಇದ್ದಾನೆ. ಇಲ್ಲಿ ಯಾರೂ ಇಡದ ಹೆಸರು ಅವನ ಬಳಿ ಇದೆ. ನೀನು ಆ ಮಗುವಿನ ಕಡೆ ನಿಂತಿದ್ದೀ. ನಾನೂ ಅಲ್ಲೇ ನಿಂತಿದ್ದೇನೆ.

ಅಬ್ಬ


ಮೇ ೧೭

ಮಸೀದಿ ಕಮಿಟಿಯ ಅಧ್ಯಕ್ಷರಿಗೆ ಹಾಗೂ ಸದಸ್ಯರಿಗೆ,

ನಾನು ನಿಮ್ಮ ಉಸ್ತಾದರ ಮಗಳು. ನಾನು ನಾಸ್ತಿಕಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಸಾಕ್ಷಿ ಹೇಳಲು ಬರೆಯುತ್ತಿದ್ದೇನೆ.

ನಾಸ್ತಿಕಳ ಸಾಕ್ಷಿ ನಮಗೇಕೆ ಎಂದು ನೀವು ಕೇಳಬಹುದು. ನನ್ನ ತಂದೆಯ ನಂಬಿಕೆಯ ವಿಷಯದಲ್ಲಿ ನನ್ನಷ್ಟು ತಕ್ಕ ಸಾಕ್ಷಿ ನಿಮಗೆ ಬೇರೆ ಯಾರೂ ಸಿಗುವುದಿಲ್ಲ. ಗೋಡೆ ಗಟ್ಟಿಯೋ ಅಲ್ಲವೋ ಎಂದು ಅದಕ್ಕೆ ಒರಗಿ ಕೂತವರಿಗೆ ಗೊತ್ತಾಗುವುದಿಲ್ಲ, ತಳ್ಳಿ ನೋಡಿದವರನ್ನು ಕೇಳಬೇಕು. ನಾನು ಚಳಿಗಾಲದಿಂದ ತಳ್ಳುತ್ತಿದ್ದೇನೆ. ನನ್ನ ಬಳಿ ಇದ್ದ ವಾದವನ್ನೆಲ್ಲ ಪ್ರಯೋಗಿಸಿದ್ದೇನೆ. ಕೊನೆಗೆ ವಾದವೂ ಅಲ್ಲದ, ನನ್ನ ಎದೆಯಲ್ಲಿದ್ದ ಒಂದು ನೋವನ್ನೇ ಎತ್ತಿ ಅವರ ಮೇಲೆ ಎಸೆದಿದ್ದೇನೆ. ಅದು ಅವರನ್ನು ಅಳಿಸಿತು, ಅಲುಗಿಸಲಿಲ್ಲ.

ಕಿಟಕಿಯಾಚೆ ಕೇಳಿಸಿದ ಮಾತುಗಳು ಅವರವಲ್ಲ, ನನ್ನವು. ಕೇಳಿ ನಿಮಗೆ ನಡುಕ ಬಂದಿದ್ದರೆ ಅದು ನನ್ನ ವಾದದ ಬಲ. ಅಷ್ಟು ಬಲವನ್ನು ಪೂರ್ತಿ ತನ್ನ ಬಾಯಲ್ಲಿ ಹೊತ್ತು, ಆಮೇಲೂ ನಮಾಜಿಗೆ ನಿಲ್ಲಬಲ್ಲ ಮನುಷ್ಯನನ್ನು ನೀವು ನಂಬಿಕೆಯಿಲ್ಲದವನು ಅನ್ನುತ್ತಿದ್ದೀರಿ. ನನ್ನ ಕಡೆಯವರು ಎಷ್ಟು ಜನ ನಿಮ್ಮ ಮಾತನ್ನು ಹೀಗೆ ಹೊರಬಲ್ಲರು ಎಂದು ನಾನು ಯೋಚಿಸುತ್ತಿದ್ದೇನೆ. ಒಬ್ಬರ ಹೆಸರೂ ಹೊಳೆದಿಲ್ಲ.

ಅವರನ್ನು ಜೂನಿನ ವಾದಕ್ಕೆ ಕಳಿಸಿ. ನೀವೂ ಬನ್ನಿ. ನಂಬಿಕೆಗೆ ಹೆದರಿಕೆಯಾಗಿದೆ ಎಂದು ನಮ್ಮವರು ನಗುವ ಹಾಗೆ ಮಾಡಬೇಡಿ.

ಉಸ್ತಾದರ ಮಗಳು


ಮೇ ೨೬

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ನೀನು ಬರೆದದ್ದು ನನಗೆ ಗೊತ್ತಿರಲಿಲ್ಲ. ಕಮಿಟಿಯಲ್ಲಿ ಕೂತಿದ್ದಾಗ ಅಧ್ಯಕ್ಷರು ಲಕೋಟೆ ತೆಗೆದು ಗಟ್ಟಿಯಾಗಿ ಓದಿದರು. ಹಾರ್ಡ್‌ವೇರ್ ಅಂಗಡಿಯವರು, ಯಾವಾಗಲೂ ಕೂಗಿಯೇ ಮಾತಾಡಿ ಅಭ್ಯಾಸ. ‘ನಾನು ನಾಸ್ತಿಕಳು’ ಎಂದು ಅವರ ಗಂಟಲಲ್ಲಿ ಮಸೀದಿಯ ವರಾಂಡವೆಲ್ಲ ಮೊಳಗಿತು. ಕಾಲು ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿ ತಿರುಗಿ ನೋಡಿದರು.

ಓದಿ ಮುಗಿಸಿ ಅಧ್ಯಕ್ಷರು ಕಾಗದವನ್ನು ಮಡಿಚಿ ಲಕೋಟೆಗೆ ಹಾಕಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, ‘ಮಾರಾಯ್ರೇ, ನೀವು ಕಿಟಕಿ ಹತ್ತಿರ ಇನ್ನೊಂದು ದಿನ ನಿಂತಿದ್ರೆ ಉತ್ತರಾನೂ ಕೇಳಿಸ್ತಿತ್ತು’ ಎಂದರು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, ‘ಆ ಮಗುವಿನ ವಿಷಯಕ್ಕೆ ಉತ್ತರ ಏನು ಉಸ್ತಾದ್? ನನಗೂ ಒಂದಿತ್ತು, ಹೋಯ್ತು’ ಎಂದರು. ಅವರ ಜೊತೆ ಅಂಗಡಿಯವರೆಗೂ ನಡೆದೆ.

ತರಗತಿ ನಾಳೆಯಿಂದ ಶುರು. ಜೂನಿಗೆ ಕಮಿಟಿಯವರೆಲ್ಲ ವ್ಯಾನು ಮಾಡಿಕೊಂಡು ಬರುತ್ತಾರೆ. ನನಗಿಂತ ಅವರಿಗೇ ಉಮೇದು ಹೆಚ್ಚಾಗಿದೆ.

ಮಗಳೇ, ನನ್ನ ನಂಬಿಕೆಗೆ ನೀನು ಸಾಕ್ಷಿ ನಿಂತೆ. ಇದಕ್ಕೆ ನಾನೇನು ಹೇಳಲಿ? ತರ್ಕದಲ್ಲಿ ಇದಕ್ಕೆ ಪದವಿಲ್ಲ.

ಅಬ್ಬ


ಜೂನ್ ೮

ಅಮ್ಮಾ,

ಶಾಲೆ ಶುರುವಾಗುವ ಕಾಲ, ಯೂನಿಫಾರಂ ರಾಶಿ ಬಿದ್ದಿದೆ ಎಂದು ನೀವು ಬರಲಿಲ್ಲ. ಅಬ್ಬ ಮನೆಗೆ ಬಂದು ‘ಚೆನ್ನಾಗಿ ಆಯ್ತು’ ಎಂದು ಎರಡು ಪದ ಹೇಳಿ ಮಲಗಿರುತ್ತಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ, ಹೊಲಿಗೆ ಯಂತ್ರ ನಿಲ್ಲಿಸಿ ಓದಿ.

ಸಭಾಂಗಣ ತುಂಬಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ಮುಂದಿನ ಸಾಲಿನಲ್ಲಿ ನಿಮ್ಮ ಕಮಿಟಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲಿ, ಅದು ಅಬ್ಬ ಮಾಡಿದ ಇಸ್ತ್ರಿಯೇ ಇರಬೇಕು. ಅವರ ಹಿಂದೆ ನಮ್ಮ ವೇದಿಕೆಯವರು. ಅಬ್ಬನಿಗೆ ಮೊದಲ ಸರದಿ. ಎದ್ದು ನಿಂತು, ‘ನಾನು ಮೊದಲು ಪ್ರೊಫೆಸರ ವಾದ ಹೇಳ್ತೀನಿ. ತಪ್ಪಿದ್ರೆ ತಿದ್ದಿ’ ಎಂದರು. ಹೇಳಿದರು. ಸಿಡಿಲು, ಜ್ವರ, ಕುರ್ಚಿಗಳು. ಆಮೇಲೆ ಆ ಲೇಬಲ್ಲು. ನಾನು ಬರೆದದ್ದಕ್ಕಿಂತ ಚೆನ್ನಾಗಿ ಹೇಳಿದರು ಅಮ್ಮಾ. ಮುಗಿಸಿ ಪ್ರೊಫೆಸರ ಕಡೆ ತಿರುಗಿ, ‘ನೀವು ಹೇಳೋದು ಇದೇ ತಾನೇ?’ ಎಂದರು.

ಪ್ರೊಫೆಸರು ಪ್ರಾಮಾಣಿಕರು, ಅದನ್ನು ಒಪ್ಪಬೇಕು. ‘ಹೌದು. ನಾನು ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ’ ಎಂದರು.

‘ಹಾಗಾದ್ರೆ ಈಗ ನನ್ನದನ್ನ ನೀವು ಹೇಳಿ.’

ಪ್ರೊಫೆಸರು ನಕ್ಕು ಎದ್ದರು. ‘ಹಿರಿಯರು ಹೇಳಿದ್ದನ್ನ ಪ್ರಶ್ನೆ ಮಾಡದೆ ನಂಬಬೇಕು ಅನ್ನೋದು...’

‘ಅಲ್ಲ’ ಎಂದರು ಅಬ್ಬ, ಎಷ್ಟು ಮೃದುವಾಗಿ ಗೊತ್ತೇ.

‘ಸರಿ. ಪ್ರತಿಯೊಂದಕ್ಕೂ ಕಾರಣ ಬೇಕು, ಆದ್ದರಿಂದ ಜಗತ್ತಿಗೂ ಬೇಕು, ಆ ಕಾರಣವೇ ದೇವರು. ಹಾಗಾದ್ರೆ ದೇವರಿಗೆ ಕಾರಣ ಯಾರು ಅಂತ ಕೇಳಿದ್ರೆ ಉತ್ತರ ಇಲ್ಲ.’

‘ಅಲ್ಲ. ಪ್ರತಿಯೊಂದಕ್ಕೂ ಅಂತ ನಮ್ಮಲ್ಲಿ ಯಾರೂ ಹೇಳಿಲ್ಲ.’

ಪ್ರೊಫೆಸರು ಮೂರನೇ ಸಲ ಪ್ರಯತ್ನಿಸಿದರು. ಅಬ್ಬ ಅಲ್ಲವೆಂದು ತಲೆಯಾಡಿಸಿದರು. ಇಷ್ಟು ವರ್ಷದಲ್ಲಿ ಪ್ರೊಫೆಸರು ಮಾತಿಗೆ ತಡಕಾಡಿದ್ದನ್ನು ನಾನು ನೋಡಿರಲಿಲ್ಲ. ಅವರು ಇಡೀ ಬದುಕು ಯಾರ ವಿರುದ್ಧ ವಾದಿಸಿದರೋ ಅವರ ವಾದವನ್ನೇ ಕೇಳಿಸಿಕೊಂಡಿರಲಿಲ್ಲ. ಕೊನೆಗೆ ಕೈಚೆಲ್ಲಿ, ‘ಈ ಸಭೆಯಲ್ಲಿ, ನಮ್ಮ ಕಡೆಯವರಲ್ಲಿ, ಯಾರಿಗಾದ್ರೂ ಹೇಳೋಕೆ ಬರುತ್ತಾ?’ ಎಂದರು.

ನನ್ನ ಕಾಲು ನನ್ನನ್ನು ಕೇಳಲಿಲ್ಲ, ಎದ್ದು ನಿಂತಿತು.

‘ಪ್ರತಿಯೊಂದಕ್ಕೂ ಕಾರಣ ಬೇಕು ಅಂತ ಅವರು ಹೇಳ್ತಿಲ್ಲ’ ಎಂದೆ. ‘ಯಾವುದು ಇಲ್ಲದೆಯೂ ಇರಬಹುದಿತ್ತೋ, ಬೇರೆ ಥರ ಇರಬಹುದಿತ್ತೋ, ಅದಕ್ಕೆ ಬೇಕು ಅಂತಾರೆ. ಜಗತ್ತಿನಲ್ಲಿ ಇರೋದೆಲ್ಲ ಅಂಥದ್ದೇ, ಅದರ ನಿಯಮವೂ ಅಂಥದ್ದೇ. ಅಂಥದ್ದನ್ನ ಎಷ್ಟು ಸಾಲಾಗಿ ನಿಲ್ಲಿಸಿದ್ರೂ, ಕೊನೆಯಿಲ್ಲದಷ್ಟು ನಿಲ್ಲಿಸಿದ್ರೂ, ಸಾಲು ತನ್ನಷ್ಟಕ್ಕೆ ನಿಲ್ಲಲ್ಲ. ಇಲ್ಲದಿರೋಕೆ ಸಾಧ್ಯವೇ ಇಲ್ಲದ ಒಂದರ ಮೇಲೆ ಅದು ನಿಂತಿರಬೇಕು. ಅದಕ್ಕೆ ಕಾರಣ ಯಾರು ಅಂತ ಕೇಳೋದು, ಸಹಿ ಹಾಕೋ ಅಧಿಕಾರ ಯಾರಿಂದಲೂ ಪಡೆಯದವನಿಗೆ ಅಧಿಕಾರ ಯಾರು ಕೊಟ್ರು ಅಂತ ಕೇಳಿದ ಹಾಗೆ.’

ಅಬ್ಬ ನನ್ನನ್ನೇ ನೋಡುತ್ತಿದ್ದರು. ಸುಮ್ಮನೆ ಕೂರಬಹುದಿತ್ತು, ಕೂರಲಿಲ್ಲ. ‘ಆ ಮಗುವಿನ ವಿಷಯದಲ್ಲಿ ಅವರು ಕಾರಣ ಹೇಳೋದಿಲ್ಲ. ಗೊತ್ತಿಲ್ಲ ಅಂತಾರೆ. ಅವರು ಕೇಳೋದು ಇಷ್ಟೇ. ಅದು ಅನ್ಯಾಯ ಅಂತ ನಾವು ಕೂಗ್ತೀವಲ್ಲ, ಆ ಕೂಗು ನಿಜ ಆಗಿದ್ರೆ ಅದನ್ನ ಕೇಳಿಸ್ಕೊಳ್ಳೋನೂ ನಿಜ ಆಗಿರಬೇಕು. ಆ ಮಗುವಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿ ಇದೆ ಅನ್ನೋದು ಅವರ ವಾದ.’ ಇಷ್ಟು ಹೇಳಿ ನಾನೂ ಅವರ ಹಾಗೆಯೇ ಕೇಳಿದೆ. ‘ಇದೇ ತಾನೇ ಅಬ್ಬಾ?’

ಅಬ್ಬ ಒಂದು ಹೆಜ್ಜೆ ಮುಂದೆ ಬಂದರು. ಮೈಕು ಹಿಡಿದುಕೊಂಡರು. ‘ಹೌದು. ಇದೇ. ಹೌದು’ ಎಂದರು.

ಆಮೇಲಿನದ್ದನ್ನು ಹೇಗೆ ಬರೆಯಲಿ? ಅಧ್ಯಕ್ಷರು ಎದ್ದು ಹಾರ್ಡ್‌ವೇರ್ ಗಂಟಲಲ್ಲಿ ‘ಅಲ್ಲಾಹು ಅಕ್ಬರ್’ ಎಂದರು. ಕಾರ್ಯದರ್ಶಿ ಅತ್ತರು. ನಮ್ಮ ವೇದಿಕೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಪ್ರೊಫೆಸರೂ ತಟ್ಟಿದರು. ‘ಇವತ್ತು ಉತ್ತರ ಕೊಡೋ ಹಕ್ಕು ನನಗಿಲ್ಲ. ಮೊದಲು ಇದನ್ನ ಕಲೀಬೇಕು’ ಎಂದು ಹೇಳಿ ಕೂತರು. ಅಬ್ಬ ಗೆದ್ದರು ಅಮ್ಮಾ. ಪೂರ್ತಿ ಗೆದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಾನು ಯಾವ ಕಡೆಯವಳು ಎಂಬುದನ್ನು ಸ್ವಲ್ಪ ಹೊತ್ತು ಮರೆತೇಬಿಟ್ಟೆ.

ನಿಮ್ಮ ಪುಟ್ಟಿ


ಜೂನ್ ೧೫

ಪ್ರೀತಿಯ ಮಗಳೇ,

ಅಸ್ಸಲಾಮು ಅಲೈಕುಂ. ಕಮಿಟಿ ಹಿಂತೆಗೆದುಕೊಳ್ಳಿ ಎಂದಾಗ ಹಿಂತೆಗೆದುಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಹುಡುಕಿ ನೋಡಿದರೆ ಒಂದು ಮಾತಿದೆ. ‘ಈ ಮನೆಯಲ್ಲಿ ಆ ಮಾತು ಬೇಡ.’ ಅದನ್ನು ಹಿಂತೆಗೆದುಕೊಂಡಿದ್ದೇನೆ. ಆ ಮಾತಿಗೆ ಈ ಮನೆಗಿಂತ ಒಳ್ಳೆಯ ಜಾಗ ಇನ್ನೆಲ್ಲಿದೆ?

ಅಬ್ಬ

ನನ್ನ ಕಾನೂನೂ ರದ್ದು. ಫೋನಿನಲ್ಲಿ ಬೇಕಾದ್ದು ಕೂಗಾಡಿ. ಯೂನಿಫಾರಂ ಎಲ್ಲ ಕೊಟ್ಟಾಯ್ತು. ಅಮ್ಮ.


ಜೂನ್ ೨೧

ಅಸ್ಸಲಾಮು ಅಲೈಕುಂ, ಅಬ್ಬಾ.

ಈ ಸಲ ನಾನೇ ಮೊದಲು ಹೇಳಿದ್ದೇನೆ. ಉತ್ತರಿಸುವುದು ಈಗ ನಿಮಗೆ ಕಡ್ಡಾಯ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅದೇ ಮೇಜು, ಅದೇ ಕುರ್ಚಿ, ಯಾರೂ ಜಾಗ ಬದಲಿಸಬಾರದು. ಒಂದು ಹೊಸ ಆಕ್ಷೇಪ ತರುತ್ತಿದ್ದೇನೆ. ಎರಡು ವಾರದಿಂದ ಅದು ನನಗೆ ನಿದ್ದೆ ಕೊಟ್ಟಿಲ್ಲ. ಆ ಮಗುವಿನ ಬಗೆಗಿನ ನನ್ನ ಕೋಪ ಮೈಯ ಅಭ್ಯಾಸವಲ್ಲ, ನಿಜ. ಪ್ರಯೋಗಾಲಯದಲ್ಲಿ ನಾನು ಕಣ್ಣಾರೆ ಕಾಣುವುದರಷ್ಟೇ ನಿಜ. ಹಾಗಾದರೆ ಜಗತ್ತನ್ನು ವಿವರಿಸಲು ಜಗತ್ತೇ ಸಾಕು ಎಂದು ನಾನು ಬರೆದದ್ದು ಎಲ್ಲಿ ನಿಲ್ಲುತ್ತದೆ? ನಿಮ್ಮ ವಾದಕ್ಕೆ ನಾನು ಎಷ್ಟೋ ಆಕ್ಷೇಪ ತೆಗೆದೆ. ನನ್ನದೇ ಪಕ್ಷಕ್ಕೆ ನಾನು ತೆಗೆದ ಮೊದಲ ಆಕ್ಷೇಪ ಇದು.

ಇದನ್ನು ಎದುರಿಸಲು ಆ ಕಡೆ ಯಾರಾದರೂ ಪೂರ್ತಿ ಬಲದಲ್ಲಿ ನಿಲ್ಲಬೇಕು, ಮೆತ್ತಗೆ ಮಾಡಬಾರದು. ವೇದಿಕೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಆದ್ದರಿಂದ ಶನಿವಾರ ನೀವು ನಾಸ್ತಿಕರ ಪಕ್ಷ ಹಿಡಿಯಿರಿ ಅಬ್ಬಾ. ದೇವರ ಪಕ್ಷದಿಂದ ನಾನು ನಿಲ್ಲುತ್ತೇನೆ. ಕಿಟಕಿ ತೆರೆದೇ ಇರಲಿ, ಕಾರ್ಯದರ್ಶಿಯವರು ಎರಡು ದಿನವೂ ನಿಂತು ಕೇಳಲಿ.

ನಿಮ್ಮ ಎದುರಾಳಿ,
ನಿಮ್ಮ ಮಗಳು